ಕೆಸರಲ್ಲಿ ಸಿಕ್ಕ ಫ್ರಿಟ್ಶಿಯೆಲ್ಲಾ

ನಮಸ್ಕಾರ. ಬಾಟನಿ ಓದಿದವರಿಗೆ ಮೊದಲು ಒಂದು ಪ್ರಶ್ನೆ. ಫ್ರಿಟ್ಶಿಯೆಲ್ಲಾ ಎಂಬ ಪಾಚಿಯ ಹೆಸರು ಕೇಳಿದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಪಠ್ಯದಲ್ಲಿದ್ದ ಒಂದು ಚಿತ್ರ, ಭಾಗಗಳನ್ನು ಗುರುತಿಸಿದ ನಾಲ್ಕು ಗೆರೆ, ಪರೀಕ್ಷೆಯಲ್ಲಿ ಒಂದಿಷ್ಟು ಅಂಕ. ನನಗೂ ಅಷ್ಟೇ ನೆನಪಿತ್ತು. ಡಿಗ್ರಿ ಮುಗಿಯುವವರೆಗೂ ಆ ಪಾಚಿಯನ್ನು ಯಾರೂ ಕಣ್ಣಿಗೆ ತೋರಿಸಲಿಲ್ಲ. ಅದೆಲ್ಲಿ ಬೆಳೆಯುತ್ತದೆ ಎಂದು ನಾವೂ ಕೇಳಲಿಲ್ಲ. ಇವತ್ತಿನ ನನ್ನ ತಕರಾರು ಅದರ ಬಗ್ಗೆಯೇ.

ಅದು ಬೆಳೆಯುವುದು ಕೆಸರಿನಲ್ಲಿ. ಮಳೆ ನಿಂತು, ಗುಂಡಿಯ ನೀರು ಇಂಗಿ, ಮಣ್ಣು ಇನ್ನೂ ಮೆತ್ತಗಿರುತ್ತದಲ್ಲ, ಆಗ. 1932ರಲ್ಲಿ ಅದನ್ನು ಜಗತ್ತಿಗೆ ಪರಿಚಯಿಸಿದವರು ಮದ್ರಾಸಿನ ಸಸ್ಯವಿಜ್ಞಾನಿ ಎಂ.ಒ.ಪಿ. ಅಯ್ಯಂಗಾರ್. ಆ ಹೆಸರಿನ ಮೊದಲ ಎಂ ಎಂದರೆ ಮಂಡಯಂ, ಅಯ್ಯಂಗಾರರ ಒಂದು ಪಂಗಡ. ಕೇಳಿದ ಕೂಡಲೇ ನಮಗೆ ಮೇಲುಕೋಟೆ ನೆನಪಾಗುತ್ತದೆ, ಅಲ್ವಾ? ಪಾಚಿಗೆ ಅವರು ಇಟ್ಟದ್ದು ತಮ್ಮ ಗುರು, ಲಂಡನ್ನಿನ ಎಫ್.ಇ. ಫ್ರಿಟ್ಶ್ ಅವರ ಹೆಸರನ್ನು.

ಈಗ ಆ ಪಾಚಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗೆ ಮಣ್ಣಿಗೆ ಇಳಿದ ಬೇರಿನಂಥ ಬಣ್ಣವಿಲ್ಲದ ಎಳೆಗಳು. ಅದರ ಮೇಲೆ, ಮಣ್ಣಿನ ಒಳಗೇ, ದುಂಡು ಕೋಶಗಳ ಪುಟ್ಟ ಗೊಂಚಲು. ಅಲ್ಲಿಂದ ಮೇಲಕ್ಕೆ ಸಪೂರವಾದ ಎಳೆ. ಮಣ್ಣಿನಿಂದ ಹೊರಗೆ ಬಂದ ಮೇಲೆ ಹಸಿರು ಕುಚ್ಚು. ಬಿಸಿಲಿಗೆ ಕುಚ್ಚು ಒಣಗಿ ಹೋದರೂ ಒಳಗಿನ ಗೊಂಚಲು ಸಾಯುವುದಿಲ್ಲ. ಮತ್ತೆ ಮಳೆ ಬಿದ್ದರೆ ಚಿಗುರುತ್ತದೆ. ನೀರಲ್ಲಿ ತೇಲುವ ಪಾಚಿಗೆ ಇಂಥ ಮೈ ಯಾಕೆ ಬೇಕು? ಇದು ನೆಲದಲ್ಲಿ ಬದುಕುವವರ ಮೈ!

ಅದಕ್ಕೇ ಇದರ ಮೇಲೆ ಅಷ್ಟೊಂದು ಆಸೆ ಹುಟ್ಟಿತು. ನೆಲದ ಮೇಲಿನ ಗಿಡಗಳೆಲ್ಲ ಇಂಥ ಹಸಿರು ಪಾಚಿಗಳಿಂದಲೇ ಬಂದಿರಬೇಕು ಎಂದು 1945ರಲ್ಲಿ ಫ್ರಿಟ್ಶ್ ವಾದಿಸಿದರು. ಕೆಸರಿನ ಈ ಪುಟ್ಟ ಜೀವ ಪಠ್ಯಪುಸ್ತಕಗಳಲ್ಲಿ ಜಾಗ ಪಡೆಯಿತು.

ಆಮೇಲೆ ಡಿಎನ್‌ಎ ಬಂತು. ಲೆಕ್ಕ ತಿರುಗಿ ಬಿತ್ತು. ನೆಲದ ಗಿಡಗಳಿಗೆ ತೀರ ಹತ್ತಿರದ ನೆಂಟ ಸ್ಪೈರೋಗೈರಾ ಎಂಬ ಪಾಚಿಯ ಬಳಗ. ಹೌದು, ಪಿಯುಸಿ ಲ್ಯಾಬಿನಲ್ಲಿ ನಾವೆಲ್ಲ ಬರೆದ ಅದೇ ಸ್ಪೈರೋಗೈರಾ. ಕೈಗೆ ತೆಗೆದುಕೊಂಡರೆ ಲೋಳೆಯಂತೆ ಜಾರುವ, ಬೇರಿಲ್ಲದ, ಕವಲಿಲ್ಲದ ಬರೀ ಎಳೆ. ಗಿಡದ ಹಾಗೆ ಕಾಣುವ ಫ್ರಿಟ್ಶಿಯೆಲ್ಲಾ ವಂಶವೃಕ್ಷದ ಬೇರೆಯೇ ಕೊಂಬೆಯಲ್ಲಿ ಕೂತಿತ್ತು.

ಹಾಗಾದರೆ ಇನ್ನು ಅದನ್ನು ಯಾಕೆ ಓದಬೇಕು ಅಂತ ಕೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಈಗಲೇ ಜಾಸ್ತಿ ಓದಬೇಕು. ನೋಡಿ, ನಮ್ಮ ಮರಗಿಡಗಳ ಹಿರಿಯರು ಸುಮಾರು 47 ಕೋಟಿ ವರ್ಷಗಳ ಹಿಂದೆ ನೆಲಕ್ಕೆ ಕಾಲಿಟ್ಟರು. ಅವರ ಎದುರಿಗೆ ಇದ್ದದ್ದು ನೀರು ಒಣಗುವ ಕಷ್ಟ. ಫ್ರಿಟ್ಶಿಯೆಲ್ಲಾಗೂ ಅದೇ ಕಷ್ಟ. ರಕ್ತಸಂಬಂಧ ದೂರದ್ದು, ಆದರೂ ಎರಡೂ ಕಡೆ ಕಂಡುಕೊಂಡ ದಾರಿ ಒಂದೇ: ಕೆಳಗೆ ಇಳಿ, ಒಳಗೆ ಕೂಡಿಡು, ಮೇಲಕ್ಕೆ ಏಳು. ಇದು ನನಗೆ ವಂಶವೃಕ್ಷಕ್ಕಿಂತ ದೊಡ್ಡ ವಿಷಯ ಅನಿಸುತ್ತದೆ.

ಅಯ್ಯಂಗಾರರು ಬರೀ ಈ ಒಂದನ್ನೇ ನೆಚ್ಚಿ ಕೂತವರೂ ಅಲ್ಲ. ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಕಡಲ ಪಾಚಿ ನೋಡಿದರು. ಹರಿಯುವ ನೀರಿನ ಪಾಚಿ ನೋಡಿದರು. ಉಂಡೆಯಂತೆ ಗುಂಪುಗೂಡಿ ನೀರಲ್ಲಿ ಈಜುವ ವಾಲ್ವಾಕ್ಸ್ ಎಂಬ ಪಾಚಿಯ ಬಳಗದ ಮೇಲೆ ಒಂದು ಪುಸ್ತಕಕ್ಕಾಗಿ ವರ್ಷಗಟ್ಟಲೆ ದುಡಿದರು. 1963ರಲ್ಲಿ ತೀರಿಕೊಂಡಾಗ ಆ ಪುಸ್ತಕ ಇನ್ನೂ ಹೊರಬಂದಿರಲಿಲ್ಲ. ಶಿಷ್ಯ ಟಿ.ವಿ. ದೇಶಿಕಾಚಾರಿ ಅದನ್ನು ಪೂರ್ತಿ ಮಾಡಿದರು. 1981ರಲ್ಲಿ ಅಚ್ಚಾಯಿತು, ಇಬ್ಬರ ಹೆಸರಲ್ಲೂ. ಗುರು ಹೋಗಿ 18 ವರ್ಷವಾದ ಮೇಲೆ! ಈ ಮಾತು ಹೇಳುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಇಂಥವರನ್ನು ನಾವು "ಭಾರತದ ಪಾಚಿ ವಿಜ್ಞಾನದ ಪಿತಾಮಹ ಯಾರು?" ಎಂಬ ಒಂದು ಅಂಕದ ಪ್ರಶ್ನೆ ಮಾಡಿ ಮುಗಿಸುತ್ತೇವೆ. ಅವರು ನೋಡಿದ ಹಾಗೆ ನೋಡುವುದನ್ನು ಕಲಿಸುವುದಿಲ್ಲ. ಅದಕ್ಕೆ ದುಡ್ಡು ಬೇಕಿಲ್ಲ. ಒಂದು ಮೈಕ್ರೋಸ್ಕೋಪ್ ಸಾಕು, ಊರ ಹೊರಗೆ ಒಂದು ಕೆರೆ ಸಾಕು.

ಮೇಷ್ಟ್ರೇ, ಮೇಡಂ, ಈ ಸಲ ಮಳೆ ನಿಂತ ಮೇಲೆ ಮಕ್ಕಳನ್ನು ಕೆರೆ ಅಂಚಿಗೆ ಕರೆದುಕೊಂಡು ಹೋಗಿ. ನೆಲ ಬಿರುಕು ಬಿಡುವ ಮೊದಲೇ ಹೋಗಿ. ಹಸಿರು ಕಂಡಲ್ಲಿ ಮೇಲೆ ಮೇಲೆ ಕೆರೆಯಬೇಡಿ, ಅರ್ಧ ಜೀವ ಅಲ್ಲೇ ಉಳಿದುಬಿಡುತ್ತದೆ. ಬೆರಳುದ್ದ ಮಣ್ಣಿನ ಸಮೇತ ಎತ್ತಿ.