ಮೂಳೆಗೆ ಕಾವಲು ಕಾಯುವ ಪೊರೆ

ಕೇಳುಗರೆಲ್ಲರಿಗೂ ನಮಸ್ಕಾರ. ಹಲ್ಲು ಕೀಳಿಸಿದ ಗಾಯ ಮಾಯಿತು ಅಂದರೆ ಅಲ್ಲಿಗೆ ಮುಗೀತು ಅಂದುಕೊಳ್ಳುತ್ತೇವೆ, ಅಲ್ವಾ? ಒಳಗೆ ದವಡೆಯ ಮೂಳೆ ಕರಗುತ್ತಲೇ ಇರುತ್ತದೆ. ವರ್ಷದೊಳಗೆ ಆ ಜಾಗದ ಅಗಲ ಅರ್ಧಕ್ಕೆ ಇಳಿಯಬಹುದು. ಆಮೇಲೆ ಇಂಪ್ಲಾಂಟ್, ಅಂದರೆ ಕೃತಕ ಹಲ್ಲಿಗೆ ಬೇರಿನಂತೆ ದವಡೆಗೆ ಕೂರಿಸುವ ತಿರುಪು, ಹಾಕಿಸಲು ಹೋದರೆ, ಅದು ಹಿಡಿದು ನಿಲ್ಲಲು ಮೂಳೆಯೇ ಸಾಲದು.

ಮೂಳೆಯನ್ನು ಮತ್ತೆ ಬೆಳೆಸಬಹುದು. ಆದರೆ ಅದು ನಿಧಾನ, ವಸಡು ಚುರುಕು. ಸುಮ್ನೆ ಬಿಟ್ಟರೆ ಖಾಲಿ ಜಾಗಕ್ಕೆ ವಸಡೇ ಮೊದಲು ನುಗ್ಗುತ್ತದೆ. ಅದಕ್ಕೇ ಡಾಕ್ಟರು ಗುಂಡಿಗೆ ಮೂಳೆಪುಡಿ ತುಂಬಿ, ಮೇಲೊಂದು ತೆಳು ಪೊರೆ ಹೊದಿಸಿ, ವಸಡನ್ನು ಎಳೆದು ಹೊಲಿಯುತ್ತಾರೆ. 1982ರಲ್ಲಿ ಸ್ವೀಡನ್ನಿನಲ್ಲಿ ನ್ಯೂಮನ್ ಮತ್ತು ಸಂಗಡಿಗರು ರೋಗಿಯೊಬ್ಬರ ಹಲ್ಲಿನ ಬೇರಿನ ಬಳಿ ಇಂಥ ತಡೆ ಹಾಕಿದಾಗ ಬಳಸಿದ್ದು ಲ್ಯಾಬಿನಲ್ಲಿ ದ್ರವ ಸೋಸುವ ಹಾಳೆ! ಆಮೇಲೆ ಟೆಫ್ಲಾನ್ ಜಾತಿಯ ಪೊರೆ ಬಂತು. ಅದನ್ನು ತೆಗೆಯಲು ಮತ್ತೆ ಕೊಯ್ಯಬೇಕು. ಈಗ ತಾನಾಗಿ ಕರಗುವ, ಕೊಲಾಜೆನ್ ಎಂಬ ಪ್ರೋಟೀನಿನ ಪೊರೆಯೇ ಜಾಸ್ತಿ. ಇದು ಸಾಮಾನ್ಯವಾಗಿ ಹಂದಿ ಅಥವಾ ದನದ ಅಂಗಾಂಶದ್ದು. ಬೇಡ ಅನ್ನುವವರು ಮೊದಲೇ ಹೇಳಿಬಿಡಿ.

ಕಷ್ಟ ಶುರುವಾಗುವುದು ಹೊಲಿಗೆ ಬಿಟ್ಟುಕೊಂಡಾಗ. ಎಂಜಲು ತಾಗಿ ಪೊರೆಯ ಮೇಲೆ ಬ್ಯಾಕ್ಟೀರಿಯಾ ಕೂರುತ್ತವೆ. ವಸಡಿನ ರೋಗ ತರುವ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಕೊಲಾಜೆನ್ನನ್ನೇ ಕತ್ತರಿಸುವ ಕಿಣ್ವ ಸುರಿಸುತ್ತದೆ. ಮೂಳೆ ಬೆಳೆಯುವ ಮುಂಚೆಯೇ ಪೊರೆ ಮಾಯ. ಮಾತ್ರೆ ನುಂಗಿದರೂ, ರಕ್ತನಾಳ ಇನ್ನೂ ಹಬ್ಬದ ಆ ಪುಡಿಯೊಳಗೆ ಔಷಧಿ ಸರಿಯಾಗಿ ಮುಟ್ಟುವುದಿಲ್ಲ.

ಹಾಗಾಗಿ ಔಷಧಿಯನ್ನು ಪೊರೆಯಲ್ಲೇ ಸೇರಿಸುವ ಯೋಚನೆ ಬಂತು. ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್, ಬೆಳ್ಳಿಯ ನ್ಯಾನೊ ಕಣ, ಸತುವಿನ ಆಕ್ಸೈಡ್, ಸಿಗಡಿ ಚಿಪ್ಪಿನಿಂದ ತೆಗೆದ ಕೈಟೊಸಾನ್, ಎಲ್ಲವನ್ನೂ ಪರೀಕ್ಷಿಸಿದ್ದಾರೆ. ನನಗೆ ಹಿಡಿಸಿದ್ದು ಡಾಕ್ಸಿಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್. ಅದು ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಕೊಲಾಜೆನ್ ಕತ್ತರಿಸುವ ಕಿಣ್ವಗಳ ಆಟವನ್ನೂ ತಗ್ಗಿಸುತ್ತದೆ. ಒಂದೇ ಮದ್ದಿಗೆ ಎರಡು ಕೆಲಸ. ಬೆಳ್ಳಿಯ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಅಳತೆ ಮೀರಿದರೆ ಮೂಳೆ ಕಟ್ಟುವ ಜೀವಕೋಶಗಳೂ ಸಾಯುತ್ತವೆ. ಅದಕ್ಕೆ ಕೆಲವರು ಪೊರೆಯನ್ನು ಎರಡು ಪದರ ಮಾಡುತ್ತಾರೆ: ವಸಡಿನ ಕಡೆ ಮದ್ದಿರುವ ದಟ್ಟ ಪದರ, ಮೂಳೆಯ ಕಡೆ ಜೀವಕೋಶ ಹತ್ತಿ ಕೂರುವಂಥ ರಂಧ್ರದ ಪದರ.

ಇವುಗಳಲ್ಲಿ ಬಹುಪಾಲು ಇನ್ನೂ ಲ್ಯಾಬಿನಲ್ಲಿ, ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿವೆ. ಸದ್ಯಕ್ಕೆ ಪೊರೆ ಹಾಕಿಸಿಕೊಂಡವರು ಬೀಡಿ, ಸಿಗರೇಟು ಬಿಡಿ. ಹೊಗೆಯಿಂದ ಗಾಯ ಬೇಗ ಕೂಡುವುದಿಲ್ಲ. ಹೊಲಿಗೆ ಬಿಟ್ಟು ಪೊರೆ ಬೆಳ್ಳಗೆ ಕಂಡರೆ ಕೈಯಿಂದ ಎಳೆಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ನಮಸ್ಕಾರ.