ನೀರಂಚಿನ ಹಕ್ಕಿಗಳು: ಹತ್ತಿರ ಹೋಗಬೇಡಿ, ಕೂತು ಕಾಯಿರಿ

[ದೃಶ್ಯ: ಬೆಳಗಿನ ಹೊತ್ತು. ಒದ್ದೆ ಕೆಸರಿನ ಮೇಲೆ ಓರೆ ಬಿಸಿಲು. ಅಂಗೈಯಷ್ಟಿರುವ ಒಂದು ಹಕ್ಕಿ ನೀರಿನ ಅಂಚಿನಲ್ಲಿ ಓಡಾಡುತ್ತಿದೆ. ಸಂಗೀತ ಬೇಡ, ಅಲ್ಲಿನ ಸದ್ದು ಮಾತ್ರ.]

ಈ ಹಕ್ಕಿಯನ್ನು ಹತ್ತು ಸೆಕೆಂಡ್ ಸುಮ್ನೆ ನೋಡಿ. ನಾನೂ ಮಾತಾಡುವುದಿಲ್ಲ.

[ಹತ್ತು ಸೆಕೆಂಡ್ ಮೌನ]

ನೋಡಿದ್ರಾ? ಓಡಿತು. ಟಕ್ಕಂತ ನಿಂತಿತು. ತಲೆ ಒಂಚೂರು ಓರೆ ಮಾಡಿತು. ಬಗ್ಗಿ ಏನನ್ನೋ ಕುಕ್ಕಿತು. ಮತ್ತೆ ಓಡಿತು. ಹಕ್ಕಿ ಪುಸ್ತಕ ತೆಗೆಯುವ ಮೊದಲೇ ನಿಮಗೆ ಅರ್ಧ ಉತ್ತರ ಸಿಕ್ಕಿದೆ. ಓಡುವುದು, ನಿಲ್ಲುವುದು, ಕುಕ್ಕುವುದು: ಇದು ಪ್ಲೋವರ್‌ಗಳ ಊಟದ ರೀತಿ.

ಇವತ್ತು ನೀರಂಚಿನ ಹಕ್ಕಿಗಳ ಬಗ್ಗೆ ಮಾತಾಡೋಣ. ಪ್ಲೋವರ್, ಸ್ಯಾಂಡ್‌ಪೈಪರ್, ಟಿಟ್ಟಿಭ, ಮೆಟ್ಟುಗಾಲು ಹಕ್ಕಿ, ಗಾಡ್‌ವಿಟ್, ಕರ್ಲ್ಯೂ ಎಲ್ಲವೂ ಈ ಬಳಗದವು. ಪಕ್ಷಿವೀಕ್ಷಕರು ಇವನ್ನು ವೇಡರ್ ಅಂತಲೂ ಕರೆಯುತ್ತಾರೆ. ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದವರು ಇವನ್ನು ಕಂಡರೆ ಬೇಗ ಕೈಚೆಲ್ಲುತ್ತಾರೆ. ಎಲ್ಲವೂ ಕಂದು, ಎಲ್ಲವೂ ಬೂದು, ಯಾವುದು ಯಾವುದೋ ಗೊತ್ತಾಗುವುದಿಲ್ಲ ಅಂತ. ನನ್ನ ಮಾತು ಕೇಳಿ, ಮೊದಲು ಬಣ್ಣವನ್ನು ಬಿಟ್ಟುಬಿಡಿ. ಒಂದೇ ಹಕ್ಕಿ ಮರಿ ಮಾಡುವ ಕಾಲದಲ್ಲಿ ಇಟ್ಟಿಗೆ ಕೆಂಪಾಗಿದ್ದು, ಉಳಿದ ಕಾಲದಲ್ಲಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಮರಿಗೆ ಇನ್ನೊಂದೇ ಬಣ್ಣ. ಬಣ್ಣದ ಹಿಂದೆ ಬಿದ್ದರೆ ತಲೆ ಕೆಡುತ್ತದೆ. ಊಟ ಮಾಡುವ ರೀತಿ ಮಾತ್ರ ವರ್ಷವಿಡೀ ಹೆಚ್ಚುಕಮ್ಮಿ ಅದೇ.

[ದೃಶ್ಯ: ಪರದೆ ಎರಡು ಭಾಗ. ಎಡಕ್ಕೆ ಪ್ಲೋವರ್, ಬಲಕ್ಕೆ ಸ್ಯಾಂಡ್‌ಪೈಪರ್ ಗುಂಪು.]

ಪ್ಲೋವರ್‌ಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು. ಅದು ಕಣ್ಣಿನಿಂದ ಬೇಟೆಯಾಡುವ ಹಕ್ಕಿ. ನಿಂತು ನೋಡುತ್ತದೆ, ಹುಳ ಕದಲಿದ್ದು ಕಂಡರೆ ಓಡಿ ಹಿಡಿಯುತ್ತದೆ. ಬಲಗಡೆ ಇರುವ ಸ್ಯಾಂಡ್‌ಪೈಪರ್‌ಗಳನ್ನು ನೋಡಿ. ತಲೆ ಎತ್ತುವುದೇ ಇಲ್ಲ. ಹೊಲಿಗೆ ಮಷೀನಿನ ಸೂಜಿ ಹಾಗೆ ಕೊಕ್ಕು ಕೆಸರಿನಲ್ಲಿ ಚುಚ್ಚಿ ತೆಗೆಯುತ್ತಾ ಮುಂದೆ ಹೋಗುತ್ತಿವೆ. ಕೆಸರಿನ ಒಳಗೆ ಕಣ್ಣು ಕಾಣಿಸುವುದಿಲ್ಲ. ಹಾಗಾದರೆ ಹುಳ ಸಿಗುವುದು ಹೇಗೆ?

ಈ ವಿಷಯ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಈ ಹಕ್ಕಿಗಳ ಕೊಕ್ಕಿನ ತುದಿಯ ಮೂಳೆಯಲ್ಲಿ ಪುಟ್ಟ ಪುಟ್ಟ ಗುಳಿಗಳಿವೆ. ಆ ಗುಳಿಗಳ ಒಳಗೆ ಒತ್ತಡ, ಅದುರು ಎರಡನ್ನೂ ಗುರುತಿಸುವ ನರದ ತುದಿಗಳಿವೆ. ರೆಡ್ ನಾಟ್ ಅನ್ನುವ ಹಕ್ಕಿ ಒದ್ದೆ ಮರಳಿಗೆ ಕೊಕ್ಕು ಚುಚ್ಚಿದಾಗ ಮರಳಿನ ಕಣಗಳ ನಡುವಿನ ನೀರು ಒತ್ತಿಕೊಳ್ಳುತ್ತದೆ. ಹತ್ತಿರದಲ್ಲಿ ಚಿಪ್ಪಿನಂಥ ಗಟ್ಟಿ ವಸ್ತು ಇದ್ದರೆ ಆ ಒತ್ತಡದಲ್ಲಿ ವ್ಯತ್ಯಾಸ ಆಗುತ್ತದೆ. ಚಿಪ್ಪನ್ನು ಮುಟ್ಟದೆಯೇ ಹಕ್ಕಿಗೆ ಅದು ಗೊತ್ತಾಗುತ್ತದೆ. ಕತ್ತಲ ಕೋಣೆಯಲ್ಲಿ ಕೈ ಚಾಚುವ ಮೊದಲೇ ಗೋಡೆ ಎಲ್ಲಿದೆ ಅಂತ ತಿಳಿದ ಹಾಗೆ!

[ದೃಶ್ಯ: ತೀರಾ ಹತ್ತಿರದ ಶಾಟ್. ಗಾಡ್‌ವಿಟ್ ಆಕಳಿಸುತ್ತಿದೆ. ಮೇಲಿನ ಕೊಕ್ಕಿನ ತುದಿ ಮಾತ್ರ ಮೇಲಕ್ಕೆ ಬಾಗಿದೆ. ಇಲ್ಲಿ ಚಿತ್ರ ನಿಲ್ಲಿಸಿ.]

ಇಲ್ಲಿ ನಿಲ್ಲಿಸಿ ನೋಡಿ. ಕೊಕ್ಕು ಮುರಿದಿಲ್ಲ. ಉದ್ದ ಕೊಕ್ಕಿನ ಈ ಹಕ್ಕಿಗಳು ಬುಡವನ್ನು ಮುಚ್ಚಿಕೊಂಡೇ ತುದಿಯನ್ನು ಮಾತ್ರ ತೆರೆಯಬಲ್ಲವು. ಯಾಕೆ ಬೇಕು ಅದು? ಪೂರ್ತಿ ಕೊಕ್ಕು ಕೆಸರಿನಲ್ಲಿ ಹೂತಿರುವಾಗ ಇಡೀ ಬಾಯಿ ತೆರೆಯಲು ಜಾಗವಿಲ್ಲ ಅಲ್ವಾ? ತುದಿ ಮಾತ್ರ ಇಕ್ಕಳದ ಹಾಗೆ ತೆರೆದು ಹುಳವನ್ನು ಹಿಡಿಯುತ್ತವೆ. ಕೆಸರಿನ ಒಳಗೆ ನಡೆಯುವ ಈ ಕೆಲಸ ನಮಗೆ ಕಾಣುವುದಿಲ್ಲ. ಆಕಳಿಸುವಾಗ ಒಂದು ಕ್ಷಣ ಮಾತ್ರ ಕಾಣುತ್ತದೆ.

ಇನ್ನು ಅವೊಸೆಟ್ ಮೇಲಕ್ಕೆ ಬಾಗಿದ ಕೊಕ್ಕನ್ನು ನೀರಿನಲ್ಲಿ ಎಡಕ್ಕೂ ಬಲಕ್ಕೂ ಬೀಸುತ್ತದೆ, ಕುಡುಗೋಲಿನಿಂದ ಹುಲ್ಲು ಕೊಯ್ಯುವ ಹಾಗೆ. ಟರ್ನ್‌ಸ್ಟೋನ್ ಕಲ್ಲುಗಳನ್ನು ಮಗುಚಿ ಕೆಳಗೆ ಏನಿದೆ ಅಂತ ನೋಡುತ್ತದೆ. ಕಾಮನ್ ಸ್ಯಾಂಡ್‌ಪೈಪರ್ ನಡೆಯುವಾಗಲೂ ನಿಂತಾಗಲೂ ಹಿಂಭಾಗವನ್ನು ಕುಣಿಸುತ್ತಲೇ ಇರುತ್ತದೆ. ಇಷ್ಟು ನೆನಪಿಟ್ಟುಕೊಂಡು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಅಗಲದ ಮುಂದಿನ ಗಾಜಿನ) ಬೈನಾಕ್ಯುಲರ್ ಹಿಡಿದು ಕೂತರೆ ಮೊದಲ ದಿನವೇ ನಾಲ್ಕೈದು ಗುಂಪುಗಳನ್ನು ಬೇರೆ ಮಾಡಬಹುದು.

[ದೃಶ್ಯ: ಕೆಸರಿನ ಅಂಚಿನಲ್ಲಿ ಅಂಗಾತ ಬಿದ್ದ ಕ್ಯಾಮೆರಾ ಚೀಲ, ಪಕ್ಕದಲ್ಲಿ ಮಲಗಿರುವ ಛಾಯಾಗ್ರಾಹಕ.]

ಈಗ ಫೋಟೋ ವಿಷಯ. ಊಟದ ರೀತಿ ಗೊತ್ತಿದ್ದರೆ ಯಾವಾಗ ಬಟನ್ ಒತ್ತಬೇಕು ಅನ್ನುವುದೂ ಗೊತ್ತಾಗುತ್ತದೆ. ಪ್ಲೋವರ್ ಓಡುವಾಗ ಸುಮ್ನೆ ಹಿಂಬಾಲಿಸಿ, ನಿಂತಾಗ ಒತ್ತಿ. ಅದು ನಿಂತೇ ನಿಲ್ಲುತ್ತದೆ. ಸ್ಯಾಂಡ್‌ಪೈಪರ್ ಹಾಗಲ್ಲ. ತಲೆ ತಗ್ಗಿಸಿದ ಫೋಟೋ ನೂರು ಸಿಗುತ್ತದೆ, ಬೇರೇನೂ ಸಿಗುವುದಿಲ್ಲ. ಅದು ಸ್ನಾನಕ್ಕೆ ಇಳಿಯುವುದನ್ನು ಕಾಯಿರಿ. ನೀರು ಎರಚಿಕೊಂಡು, ಮೈ ಕೊಡವಿ, ಕೊನೆಗೆ ಎದೆ ಎತ್ತಿ ನಿಂತು ಎರಡೂ ರೆಕ್ಕೆಯನ್ನು ಪೂರ್ತಿ ಬಿಚ್ಚಿ ಬಡಿಯುತ್ತದೆ. ಇಷ್ಟು ಸೊಗಸಾದ ಕ್ಷಣ ಇನ್ನೊಂದಿಲ್ಲ. ಸ್ನಾನ ಶುರುವಾದಾಗಲೇ ತಯಾರಾಗಿ. ಚೌಕಟ್ಟಿನಲ್ಲಿ ರೆಕ್ಕೆಗೆ ಜಾಗ ಬಿಡಿ. ನನ್ನ ಎಷ್ಟೋ ಫೋಟೋಗಳಲ್ಲಿ ರೆಕ್ಕೆಯ ತುದಿ ಕತ್ತರಿಸಿ ಹೋಗಿದೆ, ಈಗಲೂ ಅವನ್ನು ನೋಡಿದರೆ ಬೇಜಾರಾಗುತ್ತದೆ.

ನನ್ನ ಪ್ರಕಾರ ಲೆನ್ಸ್‌ಗಿಂತ ಮುಖ್ಯವಾದದ್ದು ನೀವು ಎಷ್ಟು ಕೆಳಗಿದ್ದೀರಿ ಅನ್ನುವುದು. ನಿಂತು ತೆಗೆದರೆ ಹಕ್ಕಿಯ ಹಿಂದೆ ಬರೀ ಕೆಸರು. ಹೊಟ್ಟೆಯ ಮೇಲೆ ಮಲಗಿ, ಲೆನ್ಸ್ ನೆಲದಿಂದ ಒಂದು ಗೇಣು ಎತ್ತರದಲ್ಲಿ ಇಟ್ಟು ನೋಡಿ. ಹಿಂದಿನ ನೆಲವೆಲ್ಲ ದೂರ ಸರಿದು ಮೆತ್ತಗೆ ಮಸುಕಾಗುತ್ತದೆ. ಹಕ್ಕಿಯ ಕಣ್ಣು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಇನ್ನೊಂದು ಲಾಭ ಇದೆ: ನಿಂತ ಮನುಷ್ಯನಿಗೆ ಹೆದರುವ ಹಕ್ಕಿ ಅಲುಗಾಡದೆ ಮಲಗಿದವರಿಗೆ ಅಷ್ಟು ಹೆದರುವುದಿಲ್ಲ. ಲೆನ್ಸ್ ಕೆಳಗೆ ಧಾನ್ಯ ತುಂಬಿದ ಬಟ್ಟೆ ಚೀಲ ಇಟ್ಟರೆ ಸಾಕು, ಟ್ರೈಪಾಡ್ ಬೇಡ.

[ಪರದೆಯ ಮೇಲೆ ಬರಹ: ನಡೆಯುವ ಹಕ್ಕಿಗೆ 1/1000 ಸೆಕೆಂಡ್. ಹಾರುವ ಹಕ್ಕಿಗೆ 1/2000 ಅಥವಾ ಇನ್ನೂ ವೇಗ.]

ಸೆಟ್ಟಿಂಗ್ ಬೇಗ ಹೇಳಿಬಿಡುತ್ತೇನೆ. ಲೆನ್ಸ್ 400ರಿಂದ 600 ಮಿ.ಮೀ. ಇದ್ದರೆ ಅನುಕೂಲ. ಫೋಕಸ್ ಕಂಟಿನ್ಯುಅಸ್‌ನಲ್ಲಿ, ಅಂದರೆ ಓಡಾಡುವ ಹಕ್ಕಿಯನ್ನು ಬಿಡದೆ ಹಿಂಬಾಲಿಸುವ ಹಾಗೆ ಇರಲಿ, ಗುರಿ ಕಣ್ಣಿನ ಮೇಲೆ ಇರಲಿ. ಶಟರ್ ಸ್ಪೀಡ್ ಪರದೆಯ ಮೇಲಿದೆ, ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಲು ಹಿಂಜರಿಯಬೇಡಿ. ಒಂದೇ ಒಂದು ಎಚ್ಚರಿಕೆ: ಗಾಢ ಬಣ್ಣದ ಕೆಸರು ಜಾಸ್ತಿ ಇದ್ದಾಗ ಕ್ಯಾಮೆರಾ ಬೆಳಕನ್ನು ಹೆಚ್ಚು ತೆಗೆದುಕೊಳ್ಳುತ್ತದೆ. ಆಗ ಮೆಟ್ಟುಗಾಲು ಹಕ್ಕಿಯ ಬಿಳಿ ಎದೆ ಸುಣ್ಣ ಬಳಿದ ಗೋಡೆಯ ಹಾಗೆ ಆಗುತ್ತದೆ, ಗರಿ ಒಂದೂ ಕಾಣುವುದಿಲ್ಲ. ಫೋಟೋದ ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ ಸ್ವಲ್ಪ ಮೈನಸ್‌ಗೆ ಇಳಿಸಿ. ಬಿಸಿಲು ಏರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗುತ್ತದೆ. ಆ ಹೊತ್ತಿನಲ್ಲಿ ಎಂಥ ಲೆನ್ಸ್ ಇದ್ದರೂ ದೂರದ ಹಕ್ಕಿ ಸ್ಪಷ್ಟವಾಗಿ ಬರುವುದಿಲ್ಲ. ಕ್ಯಾಮೆರಾ ಒಳಗಿಟ್ಟು ಬೈನಾಕ್ಯುಲರ್ ತೆಗೆಯಿರಿ.

[ದೃಶ್ಯ: ನೂರಾರು ಹಕ್ಕಿಗಳ ಗುಂಪು ಒಂಟಿ ಕಾಲಲ್ಲಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ಸೇರಿಸಿ ಮಲಗಿದೆ.]

ಮೊದಮೊದಲು ನಾನು ಒಂದು ತಪ್ಪು ಮಾಡಿದೆ. ಹೀಗೇ ಮಲಗಿದ್ದ ಗುಂಪಿನ ಕಡೆಗೆ ನಡೆದುಕೊಂಡೇ ಹೋದೆ. ಹತ್ತು ಹೆಜ್ಜೆ, ಒಂದು ಫೋಟೋ. ಮತ್ತೆ ಹತ್ತು ಹೆಜ್ಜೆ. ಒಂದೊಂದೇ ತಲೆ ಮೇಲೆದ್ದಿತು. ನಾನು ಅದನ್ನು ನೋಡಿದೆ, ಆದರೂ ನಿಲ್ಲಲಿಲ್ಲ. ಆಮೇಲೆ ಇಡೀ ಗುಂಪು ಒಮ್ಮೆಗೇ ಎದ್ದು, ನೀರಿನ ಮೇಲೆ ಎರಡು ಸುತ್ತು ಹಾಕಿ, ಕಣ್ಣಿಗೆ ಕಾಣದಷ್ಟು ದೂರ ಹೋಗಿ ಇಳಿಯಿತು.

ಹಾರಿದರೆ ಏನಾಯಿತು, ಹಕ್ಕಿ ತಾನೇ ಅನ್ನಿಸಬಹುದು. ಅಕ್ಟೋಬರ್ 2022ರಲ್ಲಿ ಒಂದು ಬಾರ್-ಟೇಲ್ಡ್ ಗಾಡ್‌ವಿಟ್ ಅಲಾಸ್ಕಾದಿಂದ ಹೊರಟು ಟಾಸ್ಮೇನಿಯಾದಲ್ಲಿ ಇಳಿಯಿತು. ಸುಮಾರು 13,560 ಕಿ.ಮೀ., 11 ದಿನ. ದಾರಿಯಲ್ಲಿ ಎಲ್ಲೂ ಇಳಿಯಲಿಲ್ಲ, ಏನೂ ತಿನ್ನಲಿಲ್ಲ. ಬೆನ್ನಿಗೆ ಕಟ್ಟಿದ್ದ ಉಪಗ್ರಹ ಟ್ಯಾಗ್‌ನಿಂದ ಇದು ಗೊತ್ತಾಯಿತು. ಆ ಹಕ್ಕಿಗೆ ಆಗ ಸುಮಾರು ಐದೇ ತಿಂಗಳು. ಹೊರಡುವ ಹೊತ್ತಿಗೆ ಇವುಗಳ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬೇ ಇರುತ್ತದೆ. ಹೊಟ್ಟೆ, ಕರುಳಿನಂಥ ಅಂಗಗಳನ್ನು ಕುಗ್ಗಿಸಿಕೊಂಡು ಹೊರಡುತ್ತವೆ. ಆ ಕೊಬ್ಬು ಕೂಡಿದ್ದು ಕೆಸರಿನಲ್ಲಿ, ಒಂದೊಂದೇ ಹುಳ ಹೆಕ್ಕಿ. ನಿಮ್ಮೂರ ಜೌಗಿನಲ್ಲಿ ತಲೆ ತಗ್ಗಿಸಿ ಚುಚ್ಚುತ್ತಿರುವ ಪುಟ್ಟ ಹಕ್ಕಿಯೂ ಇಂಥದ್ದೇ ಒಂದು ಪ್ರಯಾಣದ ಬುತ್ತಿ ಕಟ್ಟಿಕೊಳ್ಳುತ್ತಿರಬಹುದು. ನಾನು ಎಬ್ಬಿಸಿದ ಆ ಗುಂಪು ಎರಡು ಸುತ್ತಿಗೆ ಎಷ್ಟು ಬುತ್ತಿ ಖರ್ಚು ಮಾಡಿತೋ ಅಂತ ಇವತ್ತಿಗೂ ಅನ್ನಿಸುತ್ತದೆ.

ಅದಕ್ಕೇ ಹೇಳುತ್ತೇನೆ, ಹಕ್ಕಿಯ ಹತ್ತಿರ ಹೋಗಬೇಡಿ. ಅದು ಬರುವ ಜಾಗದಲ್ಲಿ ಮೊದಲೇ ಹೋಗಿ ಕೂರಿ. ಸಮುದ್ರದ ಅಳಿವೆಯಾದರೆ ಭರತದ ಸಮಯ ನೋಡಿಕೊಳ್ಳಿ. ನೀರು ಏರುತ್ತಾ ಬಂದ ಹಾಗೆ ಕೆಸರು ಕಿರಿದಾಗುತ್ತದೆ, ಹಕ್ಕಿಗಳು ತಾವಾಗಿಯೇ ದಡದ ಕಡೆಗೆ ಸರಿಯುತ್ತವೆ. ವಾಪಸ್ ಬರುವ ದಾರಿ ನೀರಿಗೆ ಸಿಗದ ಹಾಗೆ ಜಾಗ ಆರಿಸಿ. ಕೆರೆಯಾದರೆ ನೀರು ಇಳಿದು ಹೊಸದಾಗಿ ಬಿಟ್ಟ ಒದ್ದೆ ಅಂಚನ್ನು ಹುಡುಕಿ. ಹೆಜ್ಜೆ ಗುರುತು ಜಾಸ್ತಿ ಕಂಡ ಕಡೆ, ಸೂರ್ಯ ಬೆನ್ನ ಹಿಂದೆ ಬರುವ ಹಾಗೆ ಮಲಗಿ.

ತಲೆಗಳು ಎದ್ದವು, ಊಟ ನಿಂತಿತು, ಚುರುಕಾಗಿ ದೂರ ನಡೆಯಲು ಶುರು ಮಾಡಿದವು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಇದ್ದೀರಿ. ಅಲ್ಲೇ ನಿಲ್ಲಿ, ಇಲ್ಲವೇ ಹಿಂದೆ ಸರಿಯಿರಿ. ಮರಿ ಮಾಡುವ ಕಾಲದಲ್ಲಿ ಪ್ಲೋವರ್ ಒಂದು ರೆಕ್ಕೆ ಮುರಿದ ಹಾಗೆ ಎಳೆದುಕೊಂಡು ನಿಮ್ಮ ಮುಂದೆ ತೆವಳಿದರೆ, ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಅದು ನಿಮ್ಮನ್ನು ಗೂಡಿನಿಂದ ದೂರ ಕರೆದುಕೊಂಡು ಹೋಗುವ ಉಪಾಯ. ಮೊಟ್ಟೆ ಬರೀ ನೆಲದ ಮೇಲೆ, ಬೆಣಚುಕಲ್ಲಿನ ಹಾಗೆ ಇರುತ್ತದೆ. ಕಾಲಡಿ ನೋಡಿಕೊಂಡು ಬಂದ ದಾರಿಯಲ್ಲೇ ವಾಪಸ್ ಹೋಗಿ. ಗೂಡಿನ ಜಾಗವನ್ನು ಯಾರಿಗೂ ಹೇಳಬೇಡಿ.

[ದೃಶ್ಯ: ನೆಲದ ಮಟ್ಟದಿಂದ. ಸ್ಟಿಂಟ್ ಅನ್ನುವ ಪುಟ್ಟ ಸ್ಯಾಂಡ್‌ಪೈಪರ್ ಒಂದು ನೇರವಾಗಿ ಕ್ಯಾಮೆರಾ ಕಡೆಗೆ ನಡೆದು ಬರುತ್ತಿದೆ.]

ಇದು ಹೋದ ವಾರ ತೆಗೆದದ್ದು. ಮಲಗಿ ಎರಡು ಗಂಟೆ ಆಗಿತ್ತು. ಮೊಣಕೈ ಜೋಮು ಹಿಡಿದಿತ್ತು. ಈ ಸ್ಟಿಂಟ್ ಕೆಸರು ಚುಚ್ಚುತ್ತಾ ಚುಚ್ಚುತ್ತಾ ಬಂತು. ಒಂದು ಹಂತದಲ್ಲಿ ಲೆನ್ಸ್‌ಗೆ ಫೋಕಸ್ ಮಾಡಲು ಆಗದಷ್ಟು ಹತ್ತಿರ. ಕೊಕ್ಕಿನ ತುದಿಯಲ್ಲಿ ಒಂದು ಹನಿ ನೀರು ನೇತಾಡುತ್ತಿತ್ತು. ಅದರ ಕಾಲು ಕೆಸರಿನಿಂದ ಮೇಲೆ ಬರುವಾಗಿನ ಚಪಕ್ ಸದ್ದು ಕೂಡ ಕೇಳಿಸುತ್ತಿತ್ತು. ನಾನು ಬಟನ್ ಮೇಲಿಂದ ಬೆರಳು ತೆಗೆದೆ.

ಅದು ಪಕ್ಕದಿಂದ ಹಾದು ಹೋಗಿ ಗುಂಪು ಸೇರಿದ ಮೇಲೆ ನಾನು ತೆವಳಿಕೊಂಡೇ ಹಿಂದೆ ಬಂದೆ. ಗುಂಪು ಇನ್ನೂ ಊಟ ಮಾಡುತ್ತಲೇ ಇತ್ತು. ನಾನು ಎದ್ದು ನಿಂತದ್ದು ಏರಿಯ ಆಚೆ ಇಳಿದ ಮೇಲೆ.

[ದೃಶ್ಯ: ಗುಂಪು ಊಟ ಮಾಡುತ್ತಿರುವ ಅದೇ ಶಾಟ್. ನಿಧಾನವಾಗಿ ಕತ್ತಲೆ.]