ಕಲ್ಲು ಕರಗುವ ಜಾಗಗಳು

ಕೇಳುಗರಿಗೆ ನಮಸ್ಕಾರ.

ಭೂಮಿಯ ಒಳಗೆಲ್ಲ ಲಾವಾ ಕುದಿಯುತ್ತಿದೆ, ತೂತು ಸಿಕ್ಕ ಕಡೆ ಉಕ್ಕಿ ಬರುತ್ತದೆ ಅಂತ ಶಾಲೆಯಲ್ಲಿದ್ದಾಗ ನಾನು ಅಂದುಕೊಂಡಿದ್ದೆ. ನಿಮ್ಮಲ್ಲೂ ಎಷ್ಟೋ ಜನ ಹಾಗೇ ಅಂದುಕೊಂಡಿರಬಹುದು, ಅಲ್ವಾ? ಆದರೆ ನಮ್ಮ ಕಾಲ ಕೆಳಗೆ ಸುಮಾರು 2,900 ಕಿಲೋಮೀಟರ್ ಆಳದವರೆಗೂ ಇರುವುದು ಹೆಚ್ಚುಕಡಿಮೆ ಗಟ್ಟಿ ಕಲ್ಲೇ. ಸಾವಿರ ಡಿಗ್ರಿ ದಾಟಿ ಕಾದಿದ್ದರೂ ಅದು ಕರಗುವುದಿಲ್ಲ. ಮೇಲಿನ ಭಾರ ಅದನ್ನು ಅಮುಕಿ ಹಿಡಿದಿರುತ್ತದೆ. ಹಾಗಾದರೆ ಕರಗುವುದು ಎಲ್ಲಿ?

ಬೆಲ್ಲದ ಪಾಕ ಮಾಡುವವರಿಗೆ ಇದು ಬೇಗ ಹೊಳೆಯುತ್ತದೆ. ಒಣ ಬಾಣಲೆಯಲ್ಲಿ ಬೆಲ್ಲದ ಉಂಡೆ ಇಟ್ಟರೆ ಕರಗಲು ಹೊತ್ತು ಹಿಡಿಯುತ್ತದೆ. ಚೂರು ನೀರು ಹಾಕಿದರೆ ಅದೇ ಉರಿಯಲ್ಲಿ ಬೇಗ ಕರಗುತ್ತದೆ. ಪೆಸಿಫಿಕ್ ಸಾಗರದ ಅಂಚಿನಲ್ಲೂ ಹೀಗೇ ನೀರು ಕೆಲಸ ಮಾಡುತ್ತದೆ. ಸಮುದ್ರದ ತಳವೇ ಅಲ್ಲಿ ಪಕ್ಕದ ನೆಲದ ಅಡಿಗೆ ನುಗ್ಗುತ್ತದೆ, ಜೊತೆಗೆ ನೀರನ್ನೂ ಒಯ್ಯುತ್ತದೆ. ಸುಮಾರು 100 ಕಿಲೋಮೀಟರ್ ಆಳದಲ್ಲಿ ಆ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಕಲ್ಲಿಗೆ ಸೇರುತ್ತದೆ. ಕಲ್ಲು ಕರಗುತ್ತದೆ.

ಚಿಲಿ, ಮೆಕ್ಸಿಕೊ, ಅಲಾಸ್ಕಾ, ಜಪಾನ್, ಫಿಲಿಪೀನ್ಸ್, ನ್ಯೂಜಿಲೆಂಡ್. ಈ ಸಾಲಿಗೆ ಅಗ್ನಿ ಉಂಗುರ ಅಂತ ಹೆಸರು. ನಿಜಕ್ಕೂ ಅದರ ಆಕಾರ ಕುದುರೆ ಲಾಳದ್ದು. ಉದ್ದ ಸುಮಾರು 40,000 ಕಿಲೋಮೀಟರ್. ಜಗತ್ತಿನ ಜೀವಂತ ಜ್ವಾಲಾಮುಖಿಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಇವೆ.

ಕಲ್ಲಿನ ಜೊತೆ ನೀರಾವಿಯೂ ಸೇರಿರುವುದರಿಂದ ಇವು ಸುಮ್ನೆ ಹರಿಯುವುದಿಲ್ಲ, ಸಿಡಿಯುತ್ತವೆ. ಫಿಲಿಪೀನ್ಸ್‌ನ ಪಿನಾಟುಬೊ ಸುಮಾರು 500 ವರ್ಷ ತಣ್ಣಗಿತ್ತು. 1991ರ ಜೂನ್ 15ರಂದು ಸಿಡಿಯಿತು. ಅದೇ ದಿನ ಚಂಡಮಾರುತವೂ ಬಂತು. ಬೂದಿ ಮಳೆಯಲ್ಲಿ ನೆನೆದು ಭಾರವಾಯಿತು, ಮನೆಗಳ ಮಾಡು ಕುಸಿದವು. ಸತ್ತವರಲ್ಲಿ ತುಂಬಾ ಜನ ಸತ್ತಿದ್ದು ಹೀಗೆ, ಲಾವಾದಿಂದ ಅಲ್ಲ. ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರಿಂದ ಹತ್ತಾರು ಸಾವಿರ ಜನ ಊರು ಬಿಟ್ಟು ಹೋಗಿದ್ದರು. ಇದರಿಂದ ಸಾವಿರಾರು ಜೀವ ಉಳಿದವು. ಅದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಜ್ವಾಲಾಮುಖಿಗಳ ಎರಡನೆಯ ಸಾಲು ಇಂಡೋನೇಷ್ಯಾದಿಂದ ಮೆಡಿಟರೇನಿಯನ್ ಕಡೆಗೆ ಹೋಗುತ್ತದೆ. ಇಟಲಿಯ ವೆಸೂವಿಯಸ್, ಎಟ್ನಾ ಇದರಲ್ಲೇ ಬರುತ್ತವೆ. ನಮ್ಮ ದೇಶದ ಒಂದೇ ಒಂದು ಜೀವಂತ ಜ್ವಾಲಾಮುಖಿ, ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ, ಇದೂ ಅದೇ ಸಾಲಿನದು. ನೂರಕ್ಕೂ ಹೆಚ್ಚು ವರ್ಷ ಮಲಗಿದ್ದು 1991ರಲ್ಲಿ ಎದ್ದಿತು. ಹಿಮಾಲಯ ಇದೇ ದಾರಿಯಲ್ಲಿದ್ದರೂ ಅಲ್ಲಿ ಈಗ ಜ್ವಾಲಾಮುಖಿ ಇಲ್ಲ. ಅಲ್ಲಿ ಒತ್ತುತ್ತಿರುವುದು ನೆಲಕ್ಕೆ ನೆಲ. ನೀರು ಹೊತ್ತು ಕೆಳಗಿಳಿಯುವ ಸಮುದ್ರದ ತಳ ಅಲ್ಲಿ ಉಳಿದಿಲ್ಲ.

ಇನ್ನು ನೆಲ ಸೀಳಿ ದೂರ ಸರಿಯುವ ಕಡೆ ಭಾರ ಇಳಿಯುತ್ತದೆ, ಅಷ್ಟಕ್ಕೇ ಕಲ್ಲು ಕರಗುತ್ತದೆ. ಅಟ್ಲಾಂಟಿಕ್ ನಡುವಿನ ಬೆಟ್ಟಸಾಲು ಹಾಗೆ ಹುಟ್ಟಿದ್ದು. ಅದು ನೀರಿನ ಮೇಲೆ ತಲೆ ಎತ್ತಿದ ಜಾಗ ಐಸ್‌ಲ್ಯಾಂಡ್. ಪೂರ್ವ ಆಫ್ರಿಕಾದ ಸೀಳುಕಣಿವೆಯದೂ ಇದೇ ಕಥೆ.

ಯಾವ ಅಂಚಿಗೂ ಸೇರದೆ, ಆಳದಿಂದ ಬಿಸಿ ಎದ್ದು ಬರುವ ಜಾಗಗಳೂ ಇವೆ. ಹವಾಯಿ ಅಂಥದ್ದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪವೂ ಅಂಥದ್ದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಆ ಬಿಸಿಯ ಮೇಲೆ ಇದ್ದದ್ದು ನಮ್ಮ ನೆಲ ಅಂತ ಬಹಳಷ್ಟು ಭೂವಿಜ್ಞಾನಿಗಳು ಹೇಳುತ್ತಾರೆ. ಆಗ ಪದರ ಪದರವಾಗಿ ಹರಿದ ಲಾವಾ ದಖನ್ ತುಂಬ ಹರಡಿತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು ಅದೇ. ಆ ಕಲ್ಲು ಸವೆದು ಎರೆ ಮಣ್ಣಾಯಿತು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಚಪ್ಪಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ. ಅದರಲ್ಲೇ ಬಿಳಿಜೋಳ ಬೆಳೆಯುತ್ತದೆ. ನಮ್ಮ ನೆಲ ಉತ್ತರಕ್ಕೆ ಸರಿದು ಬಂತು. ರಿಯೂನಿಯನ್‌ನಲ್ಲಿ ಬೆಟ್ಟ ಈಗಲೂ ಆಗಾಗ ಲಾವಾ ಉಗುಳುತ್ತದೆ.

ನಮಸ್ಕಾರ.